ದೋಣಿಯ ಪರದೆ, ಧಾರವಾಡದ ವರ್ಗ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಒಂದು ಸೀನು. ಸೀನಿದವರು ಸಾಮಾನ್ಯರಲ್ಲ, ದಿಲ್ಲಿಯ ದೊಡ್ಡ ಸಾಹೇಬರಾದ ಚತುರ್ವೇದಿಯವರ ಧರ್ಮಪತ್ನಿ. ಹಿಂದಿನ ಚಳಿಗಾಲದಲ್ಲಿ ಸಾಹೇಬರು ನಾಗಪುರದ ಕಚೇರಿಯ ತಪಾಸಣೆಗೆ ಬಂದವರು, ಸರಕಾರಿ ಮೋಟಾರು ದೋಣಿಯಲ್ಲಿ ಅಂಬಾಝರಿ ಕೆರೆಯನ್ನು ಒಂದು ಸುತ್ತು ಹಾಕಿದ್ದರು. ಆಗ ಒಂದು ಬೊಗಸೆ ನೀರು ಅಮ್ಮಾವರ ಮುಖಕ್ಕೆ ಸಿಡಿಯಿತು. ಅಮ್ಮಾವರು ಅಲ್ಲಿಂದ ಸ್ಟೇಷನ್ ಮುಟ್ಟುವತನಕ ಸೀನಿದರು. ರೈಲು ಹೊರಟ ಮೇಲೂ ಕಿಟಕಿಯಿಂದ ಒಂದು ಸೀನು ಕೇಳಿಸಿತೆಂದು ಪ್ಲಾಟ್‌ಫಾರಂ ಮೇಲೆ ಕೈ ಬೀಸುತ್ತ ನಿಂತಿದ್ದ ಸಿಬ್ಬಂದಿ ಇವತ್ತಿಗೂ ಹೇಳುತ್ತಾರೆ.

ಈಗ ಮೇ ತಿಂಗಳಲ್ಲಿ ಸಾಹೇಬರು ಮತ್ತೆ ಬರುವವರಿದ್ದರು, ಅಮ್ಮಾವರ ಸಮೇತ. ದಿಲ್ಲಿಯಿಂದ ಫೋನಿನಲ್ಲಿ ಬಂದ ಅಪ್ಪಣೆ ಚುಟುಕಾಗಿತ್ತು: ನೀರು ಸಿಡಿಯಬಾರದು, ಕೆರೆ ಕಾಣಬೇಕು. ಸದರ್‌ ಬಡಾವಣೆಯಲ್ಲಿದ್ದ ಜಲ ಪರಿಶೀಲನಾ ಕಚೇರಿಯ ಮುಖ್ಯಸ್ಥ ಪಾಟಣಕರ್ ಸಾಹೇಬರು ಎರಡು ದಿನ ತಲೆ ಕೆರೆದುಕೊಂಡು, ದೋಣಿಯ ತಗಡಿನ ಚಾವಣಿಯಿಂದ ಸುತ್ತಲೂ ಪಾರದರ್ಶಕ ಪ್ಲಾಸ್ಟಿಕ್ ಪರದೆ ಇಳಿಬಿಡುವುದೆಂದು ತೀರ್ಮಾನಿಸಿದರು. ತೀರ್ಮಾನ ಅವರದು, ಕೆಲಸ ಮಾತ್ರ ಸ್ಟೋರ್ಸ್ ಗುಮಾಸ್ತ ಚನ್ನವೀರ ಅಂಗಡಿಯದು.

"ಪರದಾ ಅಚ್ಛಾ, ತೋ ಧಾರವಾಡ ಪಕ್ಕಾ," ಎಂದರು ಪಾಟಣಕರ್.

ಈ ಒಂದು ಮಾತಿಗೆ ಚನ್ನವೀರ ದೋಣಿಗೆ ಪರದೆಯನ್ನಷ್ಟೇ ಅಲ್ಲ, ಕೆರೆಗೇ ಒಂದು ಹೊದಿಕೆ ಹೊಲಿಸಲು ತಯಾರಿದ್ದ. ಮದುವೆಯಾದ ಹೊಸದರಲ್ಲಿ "ಒಂದೆರಡು ವರ್ಷ ಅಷ್ಟ" ಎಂದು ಹೆಂಡತಿಗೆ ಹೇಳಿ ಧಾರವಾಡದ ಕಡೆಯಿಂದ ನಾಗಪುರಕ್ಕೆ ಬಂದವನು ಇಲ್ಲಿಯೇ ಬೇರು ಬಿಟ್ಟಿದ್ದ. ಪ್ರತಿ ಬೇಸಿಗೆಯಲ್ಲೂ ಆ ಬೇರು ಹುರಿದುಹೋಗುತ್ತಿತ್ತು. ಮನೆಯ ನಲ್ಲಿಯಲ್ಲಿ ತಣ್ಣೀರೆಂಬುದೇ ಬರುತ್ತಿರಲಿಲ್ಲ. ಮಗಳು ಅವನನ್ನು ಮರಾಠಿ ಮಕ್ಕಳಂತೆ "ಬಾಬಾ" ಎಂದು ಕರೆಯುತ್ತಿದ್ದಳು, ಕನ್ನಡದ ಅಕ್ಷರ ತೋರಿಸಿದರೆ ಜಿಲೇಬಿ ಎನ್ನುತ್ತಿದ್ದಳು. ಈಗ ಧಾರವಾಡದ ಶಾಖೆಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ವರ್ಗಕ್ಕೆ ಚತುರ್ವೇದಿ ಸಾಹೇಬರು ಹೂಂ ಅಂದರೆ ಸಾಕಿತ್ತು.

ಪರದೆ ಆರಿಸುವ ಕೆಲಸವೂ ಸುಲಭದ್ದಾಗಿರಲಿಲ್ಲ. ಲಾರಿಗಳಿಗೆ ತಾಡಪತ್ರಿ ಹೊಲಿಯುವ ಅಂಗಡಿಗಳೆಲ್ಲ ಊರಂಚಿನ ವಾಡಿ ಬಡಾವಣೆಯಲ್ಲಿದ್ದುದರಿಂದ ಚನ್ನವೀರ ಅಲ್ಲಿಗೇ ಹೋದ. ಜೊತೆಗೆ ಹೆಡ್ ಕ್ಲರ್ಕ್ ವಿಜಯೇಂದ್ರರಾಯರು ಕರೆಯದೆಯೇ ಬಂದಿದ್ದರು. ಮೈಸೂರಿನ ಈ ರಾಯರಿಗೆ ಲೋಕದಲ್ಲಿ ಗೊತ್ತಿಲ್ಲದ ವಿಷಯವಿರಲಿಲ್ಲ, ಸರಿಯಾಗಿ ಗೊತ್ತಿದ್ದ ವಿಷಯವೂ ಇರಲಿಲ್ಲ. ಅಂಗಡಿಯವನು ಬಿಚ್ಚಿದ ಮೊದಲನೆಯ ಪ್ಲಾಸ್ಟಿಕ್ ಹಾಲಿನ ಚೀಲದಷ್ಟು ತೆಳುವಾಗಿತ್ತು, ಊದಿದರೆ ಪಟಪಟ ಅನ್ನುತ್ತಿತ್ತು. ಎರಡನೆಯದು ದಪ್ಪವಾಗಿದ್ದರೂ ಅದರೊಳಗಿಂದ ನೋಡಿದರೆ ಇಡೀ ವಾಡಿಗೆ ಕಾಮಾಲೆಯಾದಂತೆ ಕಾಣುತ್ತಿತ್ತು.

"ದಪ್ಪ ಇರೋದೇ ತಗೊಳ್ರೀ, ಬಾಳಿಕೆ ಬರುತ್ತೆ," ಎಂದರು ವಿಜಯೇಂದ್ರರಾಯರು.

"ಬಾಳಿಕಿ ಯಾರಿಗೆ ಬೇಕ್ರಿ ರಾಯರ? ನನಗ ಸಾಹೇಬ್ರು ಒಂದ್ ಸುತ್ತು ಹಾಕಿದ್ರ ಸಾಕು," ಎಂದ ಚನ್ನವೀರ.

ಕೊನೆಗೆ ಅವನೇ ಒಂದು ಉಪಾಯ ಮಾಡಿದ. ಗೋಡೆಗೆ ಅಂಟಿಸಿದ್ದ ಹಳೆಯ ಪತ್ರಿಕೆಯ ಮುಂದೆ ಒಂದೊಂದೇ ಪ್ಲಾಸ್ಟಿಕ್ ಹಿಡಿಸಿ, ದೂರ ನಿಂತು ಓದಿದ. ಯಾವುದರೊಳಗಿಂದ "ವಧು ಬೇಕಾಗಿದ್ದಾಳೆ" ಜಾಹೀರಾತಿನ ಸಣ್ಣ ಅಕ್ಷರವೂ ಓದಲು ಬಂತೋ ಅದನ್ನೇ ಕೊಯ್ಯಿಸಿದ. ಮೆತ್ತಗೆ, ಎಣ್ಣೆ ಸವರಿದಂತೆ ನುಣುಪಾಗಿದ್ದ ಮಾಲು. ಎರಡು ಮಗ್ಗುಲಿಗೆ ಎರಡು ಉದ್ದನೆಯ ತುಂಡು, ಮುಂದೆ ಹಿಂದೆ ಕಟ್ಟಲು ಚಿಕ್ಕವು. ಅಂಚಿಗೆ ಪಟ್ಟಿ ಹೊಲಿಸಿ, ಹಿತ್ತಾಳೆಯ ರಿಂಗು ಹೊಡೆಸಿದ. ಹೊರಡುವಾಗ ಅಂಗಡಿಯವನು, ಮಡಚಿದರೆ ಗೆರೆ ಬೀಳುತ್ತದೆ, ಸುರುಳಿ ಸುತ್ತಿಯೇ ಇಡಬೇಕು ಎಂದ. ಚನ್ನವೀರ ರಾಯರ ಸ್ಕೂಟರಿನ ಹಿಂದೆ ಕುಳಿತು, ಆ ಸುರುಳಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಮನೀಶ್ ನಗರದ ತನ್ನ ಬಾಡಿಗೆ ಮನೆಗೆ ತಂದ. ಕಚೇರಿಯ ಸ್ಟೋರ್ಸಿನಲ್ಲಿಟ್ಟರೆ ಇಲಿಗಳು ರಾತ್ರಿಯೇ ತಪಾಸಣೆ ಮುಗಿಸುತ್ತಿದ್ದವು.

ಮಾರನೆಯ ದಿನವೇ ಸಾಹೇಬರು ಬರುವ ದಿನ. ಸಂಜೆ ದೋಣಿ ವಿಹಾರ. ಚನ್ನವೀರ ಬೆಳಿಗ್ಗೆ ನೆಮ್ಮದಿಯಿಂದ ಕಟಿಂಗ್ ಮಾಡಿಸಿಕೊಳ್ಳಲು ಹೋದ. ತಿರುಗಿ ಬಂದು ನೋಡಿದರೆ ಪಡಸಾಲೆಯ ಮೂಲೆಯಲ್ಲಿ ಸುರುಳಿ ಇರಲಿಲ್ಲ.

"ತೇಜೂ, ಪರದೆ ಎಲ್ಲಿ?"

ಹೆಂಡತಿ ತೇಜಶ್ರೀ ಅಡುಗೆಮನೆಯಿಂದ ಹೊರಗೆ ಬಂದಳು. ಮೊಣಕೈತನಕ ಹಿಟ್ಟು ಮೆತ್ತಿತ್ತು. "ಕಾಶಿಬಾಯಾರು ಒಯ್ದಾರ್ರಿ. ನಾ ಬ್ಯಾಡ ಅಂದೆ, ಬಿಡಲಿಲ್ಲ. ಈಗ ಕೊಡ್ತೀನಿ ಅಂದ್ರು."

"ಯಾಕ್ ಬೇಕಂತ ಅವರಿಗೆ?"

ತೇಜಶ್ರೀ ಹಿಟ್ಟಿನ ಬೆರಳಿನಿಂದ ಮೇಲಿನ ಮಾಳಿಗೆ ತೋರಿಸಿದಳು.

ಮೇ ತಿಂಗಳಲ್ಲಿ ನಾಗಪುರದ ಯಾವ ಮಾಳಿಗೆಯೂ ಬರಿದಾಗಿರುವುದಿಲ್ಲ. ಬಿಸಿಲು ಪುಕ್ಕಟೆ ಸಿಗುವ ಊರಿನಲ್ಲಿ ಸಂಡಿಗೆ ಹಪ್ಪಳ ಹಾಕದೆ ಬಿಡುವುದು ಹೆಂಗಸರಿಗೆ ಪಾಪದಂತೆ ಅನಿಸುತ್ತದೆ. ಕಣ್ಣಿಗೆ ಬಿದ್ದ ಪ್ಲಾಸ್ಟಿಕ್ಕೆಲ್ಲ ಮಾಳಿಗೆ ಹತ್ತುತ್ತದೆ. ಮನೆಯೊಡತಿ ಕಾಶಿಬಾಯಿ ಸೋಲಾಪುರದ ಕಡೆಯವರು, ಕನ್ನಡ ಮರಾಠಿ ಎರಡನ್ನೂ ಒಂದೇ ಬಾಣಲೆಯಲ್ಲಿ ಹುರಿದು ಮಾತಾಡುವವರು. ಅವರು ಬೆಳಿಗ್ಗೆ ಉಪ್ಪು ಕೇಳಲು ಬಂದವರು ಈ ಸುರುಳಿ ನೋಡಿ ಮರುಳಾಗಿದ್ದರು.

ಚನ್ನವೀರ ಮೆಟ್ಟಿಲು ಹಾರಿ ಮೇಲೆ ಓಡಿದ. ಮಾಳಿಗೆಯ ಉದ್ದಗಲಕ್ಕೂ ಪರದೆಗಳು ಹರಡಿದ್ದವು. ಅವುಗಳ ಮೇಲೆ, ಒಂದಿಂಚೂ ಜಾಗ ಬಿಡದಂತೆ, ಸೌಟಿನಿಂದ ಬಿಟ್ಟ ಅಕ್ಕಿಯ ಸಂಡಿಗೆಗಳು ದುಂಡಗೆ ಬೆಳ್ಳಗೆ ಬಿಸಿಲು ಕಾಯುತ್ತಿದ್ದವು.

"ಹಾತ್ ಲಾವೂ ನಕೋ, ಮುಟ್ಟಬ್ಯಾಡ ಚನ್ನವೀರಾ!" ಛತ್ರಿ ಹಿಡಿದು ಕಾಗೆ ಕಾಯುತ್ತಿದ್ದ ಕಾಶಿಬಾಯಿ ಕೂಗಿದರು. "ಇನ್ನೂ ಹಸಿ ಅದಾವ. ಎಂಥಾ ಮಸ್ತ ಪ್ಲಾಸ್ಟಿಕ್ ತಂದೀಯೋ! ಒಂದೂ ಅಂಟಂಗಿಲ್ಲ ನೋಡು."

"ಬಾಯಾರ, ಅದು ಸರಕಾರದ್ದರಿ! ಸಂಜಿಕೆ ದಿಲ್ಲಿ ಸಾಹೇಬ್ರು ಬರ್ತಾರ್ರಿ!"

"ಬರ್ಲಿ, ಬರ್ಲಿ. ಅವರಿಗೂ ನಾಕು ಕಟ್ಟಿ ಕೊಡೂಣು. ಆದ್ರ ಒಣಗೂ ಮಟ ತೆಗೀಬ್ಯಾಡ."

ಮನೆಯೊಡತಿಯ ಸಂಡಿಗೆಯನ್ನು ಕಿತ್ತು ಬಿಸಾಡುವ ಧೈರ್ಯ ನಾಗಪುರದ ಯಾವ ಬಾಡಿಗೆದಾರನಿಗೂ ಇಲ್ಲ. ಚನ್ನವೀರ ಬೇಡಿಕೊಂಡ, ಕೈ ಮುಗಿದ, ಕೊನೆಗೆ ತಾನೂ ಒಂದು ಛತ್ರಿ ಹಿಡಿದು ಕಾಗೆ ಕಾಯುತ್ತ ಕುಳಿತ. ಜೀವಮಾನದಲ್ಲಿ ಮೊದಲ ಸಲ ಅವನು ಸೂರ್ಯನಿಗೆ ಇನ್ನಷ್ಟು ಸುಡಪ್ಪಾ ಎಂದು ಹೇಳಿದ. ನಾಗಪುರದ ಸೂರ್ಯ ಆ ಮಟ್ಟಿಗೆ ಯಾರನ್ನೂ ನಿರಾಸೆಗೊಳಿಸುವವನಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಸಂಡಿಗೆಗಳು ತಾವಾಗಿಯೇ ಮೇಲೆದ್ದು ಚಟಚಟ ಬಿಟ್ಟುಕೊಂಡವು.

ಆದರೆ ಸಂಡಿಗೆ ಹೋದರೂ ಅದರ ಗುರುತು ಹೋಗಿರಲಿಲ್ಲ. ಪ್ರತಿಯೊಂದು ಸಂಡಿಗೆಯೂ ತಾನು ಕುಳಿತ ಜಾಗದಲ್ಲಿ ಗಂಜಿಯ ಒಂದು ಬಿಳಿ ವರ್ತುಲ ಬಿಟ್ಟಿತ್ತು. ಚನ್ನವೀರ ಪರದೆ ಎತ್ತಿ ಅದರೊಳಗಿಂದ ಕಾಶಿಬಾಯಿಯನ್ನು ನೋಡಿದ. ಅವರಿಗೆ ಮೈತುಂಬ ಸಿಡುಬು ಎದ್ದಂತೆ ಕಂಡಿತು.

ಇಂಥ ಹೊತ್ತಿಗೆ ಬರಬಾರದವರು ಬರುತ್ತಾರೆ. ಎಲ್ಲ ಸರಿಯಾಗಿದೆಯೇ ನೋಡಿಕೊಂಡು ಹೋಗಲೆಂದು ವಿಜಯೇಂದ್ರರಾಯರು ಬಂದರು. ಪರದೆ ನೋಡಿದರು, ಮೂಗಿನ ಮೇಲೆ ಕನ್ನಡಕ ಏರಿಸಿದರು.

"ಇಷ್ಟಕ್ಕೆಲ್ಲಾ ಯಾಕ್ರೀ ಗಾಬರಿ? ಸೀಮೆಎಣ್ಣೆ ಇದ್ಯಾ ಮನೇಲಿ? ಒಂಚೂರು ಬಟ್ಟೇಗ್ ಹಾಕ್ಕೊಂಡು ಉಜ್ಜಿದ್ರೆ ಕನ್ನಡಿ ಥರ ಆಗುತ್ತೆ. ನಮ್ಮತ್ತೆ ಮನೇಲಿ ಕಿಟಕಿ ಎಲ್ಲಾ ಹೀಗೇ ಒರೆಸೋದು."

"ಅದು ಗಾಜಿನ ಕಿಟಕಿ ಇರಬೇಕಲ್ರಿ ರಾಯರ?" ಎಂದು ಚನ್ನವೀರ ಅನುಮಾನಿಸುವಷ್ಟರಲ್ಲಿ ರಾಯರು ಅಡುಗೆಮನೆಯ ಸ್ಟೋವಿನ ಪಕ್ಕದಿಂದ ಡಬ್ಬಿ ತಂದು, ಒಂದು ಚಿಕ್ಕ ಪರದೆಯ ಮೇಲೆ ಸುರಿದು, ಕೈಲಾದಷ್ಟು ಉಜ್ಜಿಯೂ ಬಿಟ್ಟರು. ಉಜ್ಜಿದ ಜಾಗವೆಲ್ಲ ಮಜ್ಜಿಗೆ ನೀರಿನಂತೆ ಮಬ್ಬಾಯಿತು.

"ಒಣಗಿದ್ಮೇಲೆ ಸರಿಹೋಗುತ್ತೆ," ಎಂದರು ರಾಯರು.

ಒಣಗಿತು. ಸರಿಹೋಗಲಿಲ್ಲ. ತಮಗೆ ಕಚೇರಿಯಲ್ಲಿ ತುರ್ತು ಕೆಲಸವಿದೆಯೆಂದು ರಾಯರಿಗೆ ಆಗಲೇ ನೆನಪಾಯಿತು. ಅವರ ಸ್ಕೂಟರು ಸದ್ದು ಕೇಳಿಸದಷ್ಟು ದೂರ ಹೋಯಿತು.

ಚನ್ನವೀರ ಮೆಟ್ಟಿಲ ಮೇಲೆ ಕುಸಿದು ಕುಳಿತ. ಅಳು ಬರುವಂತಾಗಿತ್ತು. ಧಾರವಾಡದ ತಂಪು ಗಾಳಿ, ಮಗಳ ಬಾಯಲ್ಲಿ "ಅಪ್ಪಾ" ಎಂಬ ಮಾತು, ಎಲ್ಲವೂ ಈ ಗಂಜಿಯ ಕಲೆಗಳ ಆಚೆಗೆ ಮಸುಕಾಗುತ್ತಿರುವುದನ್ನು ಕಂಡು ಅವನಿಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ.

ಕಾಶಿಬಾಯಿಗೂ ಕರುಳು ಚುರ್ರೆಂದಿತು. "ಥಾಂಬ್, ತಡಿ, ಬೂದಿ ಹುಣಸಿಹಣ್ಣು ಹಚ್ಚಿ ಗಸಾಗಸಾ ತಿಕ್ಕಿ ಕೊಡ್ತೀನಿ. ಹಂಡೇ ಹೆಂಗ ಹೊಳೀತಾವ ನೋಡೀ ಅಲ್ಲ?" ಎಂದು ತೋಳೇರಿಸಿದರು.

"ನಕೋ, ಬಾಯಾರ, ನಕೋ!" ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೂಗಿದರು.

ತೇಜಶ್ರೀ ಪರದೆಯ ಅಂಚನ್ನು ಎರಡು ಬೆರಳಿನಿಂದ ಹಿಡಿದು ನೋಡಿದಳು. "ಇದು ಹಂಡೆ ಅಲ್ರಿ. ಇದರ ಸೊಭಾವ ರೇಷ್ಮಿ ಸೀರಿದ್ದು. ತಿಕ್ಕಿದ್ರ ಕೆಡತೈತಿ, ಹಿಂಡಿದ್ರ ಕೆಡತೈತಿ, ಬಿಸಲಾಗ ಹಾಕಿದ್ರ ಕೆಡತೈತಿ. ನೀವು ಸುಮ್ಮ ಎದ್ದು ನೀರು ತರ್ರಿ."

ಅವಳು ಅಂಟವಾಳದ ಕಾಯಿ ಜಜ್ಜಿ, ಉಗುರುಬೆಚ್ಚಗಿನ ನೀರಿನಲ್ಲಿ ಕಿವುಚಿ, ನೊರೆ ಬರಿಸಿದಳು. ತನ್ನ ಇಳಕಲ್ ಸೀರೆ ತೊಳೆಯುವ ಹಾಗೆಯೇ ಪರದೆಗಳ ಮೇಲೆ ನೊರೆ ಹರಡಿ, ಗಂಜಿ ನೆನೆಯಲು ಬಿಟ್ಟಳು. ಆಮೇಲೆ ಹಳೆಯ ಮೆತ್ತನೆಯ ಧೋತರದ ಚೂರಿನಿಂದ, ಕೂಸಿನ ಮುಖ ಒರೆಸುವಂತೆ ಒಂದೇ ದಿಕ್ಕಿಗೆ ಒರೆಸಿದಳು. ವರ್ತುಲಗಳು ಒಂದೊಂದಾಗಿ ಕರಗಿದವು. ಸೀಮೆಎಣ್ಣೆ ಕುಡಿದ ಚಿಕ್ಕ ತುಂಡು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಅದನ್ನು ಹಿಂದುಗಡೆ ಮೋಟಾರಿನ ಕಡೆಗೆ ಕಟ್ಟುವುದೆಂದಾಯಿತು, ಮೋಟಾರು ನೋಡಲು ಯಾವ ಸಾಹೇಬರೂ ದೋಣಿ ಹತ್ತುವುದಿಲ್ಲ.

ಬೇಗ ಆರಲಿ ಎಂದು ಚನ್ನವೀರ ಒಂದು ಜಾಣತನ ಮಾಡಿದ. ಪರದೆಗಳನ್ನು ಕೂಲರಿನ ಮುಂದೆ ಹಗ್ಗಕ್ಕೆ ಇಳಿಬಿಟ್ಟು ಗುಂಡಿ ಒತ್ತಿದ. ಕೂಲರು ಗೊರ್ರೆಂದು ಒಂದು ಸಲ ಕೆಮ್ಮಿ, ಹೋದ ವರ್ಷದಿಂದ ಒಳಗೆ ಕೂಡಿಟ್ಟುಕೊಂಡಿದ್ದ ಹುಲ್ಲಿನ ಚೂರನ್ನೆಲ್ಲ ಒದ್ದೆ ಪರದೆಯ ಮೇಲೆ ಉಗಿಯಿತು. ತೇಜಶ್ರೀ ಗಂಡನ ಕಡೆ ಒಂದು ನೋಟ ನೋಡಿದಳು. ಮತ್ತೆ ಅಂಟವಾಳ ಜಜ್ಜತೊಡಗಿದಳು.

ಅಂತೂ ಬಿಸಿಲು ಇಳಿಯುವ ಹೊತ್ತಿಗೆ ಪರದೆಗಳು ನೆರಳಿನಲ್ಲೇ ಆರಿ, ಒಂದಕ್ಕೊಂದು ಅಂಟದಂತೆ ನಡುವೆ ತೇಜಶ್ರೀಯ ನೂಲಿನ ಸೀರೆಯಿಟ್ಟು ಸುರುಳಿಯಾದವು. ಸೀರೆ ತನ್ನದೆಂಬ ಕಾರಣಕ್ಕೆ, ಅದಕ್ಕಿಂತ ಹೆಚ್ಚಾಗಿ ಗಂಡನ ಮೇಲೆ ಭರವಸೆ ಉಳಿದಿಲ್ಲವೆಂಬ ಕಾರಣಕ್ಕೆ, ಅವಳೂ ಆಟೋ ಹತ್ತಿದಳು. ಮನೀಶ್ ನಗರದ ರೈಲ್ವೆ ಗೇಟು ಎಂದಿನಂತೆ ಮುಚ್ಚಿತ್ತು. ಬಿಸಿಲು ಆಟೋದೊಳಕ್ಕೆ ಓರೆಯಾಗಿ ನುಗ್ಗುತ್ತಿತ್ತು. ಚನ್ನವೀರ ಛತ್ರಿ ಬಿಚ್ಚಿ ಸುರುಳಿಗೆ ಹಿಡಿದ.

"ಬಿಸಲಿಗೆ ಪ್ಲಾಸ್ಟಿಕ್ ಮೆತ್ತಗಾಗತೈತಿ," ಎಂದ.

"ನಾ ಮೆತ್ತಗಾದ್ರ ನಡೀತೈತೇನು?" ಎಂದಳು ತೇಜಶ್ರೀ, ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತ.

"ಧಾರವಾಡಕ್ಕ ಹೋದ ಮ್ಯಾಲ ದಿನಾ ನಿನಗ ಹಿಡಿತೀನಿ."

ತೇಜಶ್ರೀ ನಕ್ಕುಬಿಟ್ಟಳು. ಧಾರವಾಡದ ಹೆಸರು ಕೇಳಿದರೆ ಅವಳಿಗೆ ಯಾವ ಸಿಟ್ಟೂ ನಿಲ್ಲುತ್ತಿರಲಿಲ್ಲ.

ಕೆರೆಯ ದಂಡೆಯಲ್ಲಿ ಪಾಟಣಕರ್ ಸಾಹೇಬರು ಬಿಳಿ ಸಫಾರಿಯಲ್ಲಿ ಬೆವರುತ್ತ ಅಡ್ಡಾಡುತ್ತಿದ್ದರು. ಚನ್ನವೀರ ಪರದೆಗಳನ್ನು ಕಟ್ಟಿ, ಕೆಳಗಿನ ಅಂಚನ್ನು ಗಾಳಿಗೆ ಹಾರದಂತೆ ಕೊಕ್ಕೆಗೆ ಸಿಕ್ಕಿಸಿ, ಕೊನೆಯ ಸಲ ಧೋತರದ ಚೂರು ಆಡಿಸಿ ಪಕ್ಕಕ್ಕೆ ಸರಿದ. ಪಾಟಣಕರ್ ದೋಣಿ ಹತ್ತಿ ಕುಳಿತು, ನೀರಿನ ಕಡೆಗೆ ನೋಡಿದರು. ಅವರ ಮುಖ ಕೆಂಪಾಯಿತು.

"ಅಂಗಡಿ! ಪರದಾ ಕುಠೇ ಆಹೇ? ಇನ್ನೂ ಕಟ್ಟಿಲ್ಲವೇ?"

"ಸಾಹೇಬ್, ಕೈ ಮುಂದೆ ಮಾಡ್ರಿ."

ಪಾಟಣಕರ್ ಕೈ ಚಾಚಿದರು. ಬೆರಳು ಪರದೆಗೆ ತಾಗಿ ಹಿಂದಕ್ಕೆ ಬಂತು. ಅವರು ಮತ್ತೊಮ್ಮೆ ಮುಟ್ಟಿದರು, ಇನ್ನೊಮ್ಮೆ ಬೆರಳಿನಿಂದ ಬಾರಿಸಿದರು. ನಿಧಾನವಾಗಿ ಅವರ ಬಾಯಿ ಅಗಲವಾಯಿತು. ಇಂದೇ, ದೋಣಿಯಲ್ಲೇ, ದಿಲ್ಲಿ ಸಾಹೇಬರ ಕಿವಿಗೆ ಧಾರವಾಡದ ಮಾತು ಹಾಕುತ್ತೇನೆಂದೂ, ನೀನೂ ಜೊತೆಗೇ ಬಾ ಎಂದೂ ಹೇಳಿದರು. ಚನ್ನವೀರ ದಡದಲ್ಲಿ ಎಸ್‌ಟಿಡಿ ಬೂತಿನ ನೆರಳಿಗೆ ನಿಂತಿದ್ದ ಹೆಂಡತಿಯ ಬಳಿಗೆ ಓಡಿ, "ಆತು ಅಂತ ತಿಳಿ. ದಿಲ್ಲಿ ಸಾಹೇಬ್ರು ನನ್ನ ಬೆನ್ನು ತಟ್ಟಿದ್ರಂದ್ರ ಆಗೇ ಬಿಡ್ತು," ಎಂದು ಹೇಳಿ ಬಂದ.

ಚತುರ್ವೇದಿ ಸಾಹೇಬರು ಬಂದರು. ಎತ್ತರದ ಆಳು, ಹಾಲಿನಂಥ ಬಿಳಿ ಜುಬ್ಬಾ, ಎಡಗೆನ್ನೆಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಪಾನಿನ ಉಬ್ಬು. ಎಲ್ಲರ ನಮಸ್ಕಾರಕ್ಕೂ ಅವರು ಬಾಯಿ ಮುಚ್ಚಿಕೊಂಡೇ "ಹೂಂ" ಎಂದರು. ಅಮ್ಮಾವರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ದೋಣಿ ಹತ್ತಿದರು. ಮೋಟಾರು ಗುಡುಗಿತು, ನೀರು ಎರಡೂ ಮಗ್ಗುಲಿಗೆ ಸೀಳಿ ಮೇಲೆದ್ದಿತು. ಒಂದು ಹನಿಯೂ ಒಳಗೆ ಬರಲಿಲ್ಲ. ಸಂಜೆಯ ಬಿಸಿಲಿನಲ್ಲಿ ಕೆರೆ, ಆಚೆ ದಡದ ಮರಗಳು, ದಡದ ಮೇಲೆ ಕೈಯೆತ್ತಿ ನಿಂತ ತೇಜಶ್ರೀ, ಎಲ್ಲವೂ ಕಣ್ಣೆದುರಿಗೆ ಬಿಚ್ಚಿಟ್ಟಂತೆ ಕಾಣುತ್ತಿದ್ದವು. ಅಮ್ಮಾವರು ಕರವಸ್ತ್ರವನ್ನು ಚೀಲಕ್ಕೆ ಸೇರಿಸಿದರು.

ಇದೇ ಸಮಯವೆಂದು ಪಾಟಣಕರ್ ಮುಂದಕ್ಕೆ ಬಾಗಿದರು. "ಸರ್, ನಮ್ಮ ಈ ಅಂಗಡಿ ಬಹಳ ನಿಷ್ಠೆಯ ಮನುಷ್ಯ. ಧಾರವಾಡದಲ್ಲಿ ಒಂದು ಜಾಗ ಖಾಲಿ ಇದೆ. ತಾವು ಮನಸ್ಸು ಮಾಡಿದರೆ..."

ಸಾಹೇಬರಿಗೆ ಉತ್ತರ ಕೊಡಬೇಕಾಯಿತು. ಕೊಡಬೇಕೆಂದರೆ ಬಾಯಿ ಖಾಲಿಯಾಗಬೇಕಾಯಿತು. ಅವರು ಘನತೆಯಿಂದ ಕೆರೆಯ ಕಡೆಗೆ ಹೊರಳಿ, ಕತ್ತು ಮುಂದೆ ಮಾಡಿ, ಶಕ್ತಿಯಿಂದ ಉಗಿದರು.

ಪಾನಿನ ಕೆಂಪು ರಸ ಎರಡು ಗೇಣಾಚೆ ಗಾಳಿಯಲ್ಲಿ ಪಚ್ಚೆಂದು ನಿಂತುಬಿಟ್ಟಿತು. ಅರ್ಧ ಅಲ್ಲೇ ಇಳಿಯತೊಡಗಿತು, ಇನ್ನರ್ಧ ಹಿಂದಕ್ಕೆ ಸಿಡಿದು ಹಾಲಿನಂಥ ಜುಬ್ಬಾದ ಮೇಲೆ, ಪಾಟಣಕರ್ ಅವರ ಬಿಳಿ ಸಫಾರಿಯ ಮೇಲೆ, ಅಮ್ಮಾವರ ಮೂಗಿನ ತುದಿಯ ಮೇಲೆ ಹೋಳಿಹುಣ್ಣಿಮೆ ಆಡಿತು. ಚನ್ನವೀರನಿಗೆ ಧಾರವಾಡದ ದಾರಿಯಲ್ಲಿ ಗೇಟು ಬಿದ್ದಂತೆ ಕಂಡಿತು. ಪಾಟಣಕರ್ ತಡಮಾಡದೆ ಅವನ ತೋಳು ಹಿಡಿದು ಮುಂದಕ್ಕೆ ನೂಕಿದರು. "ಇವನೇ ಸರ್! ಪರದೆ ತಂದವನೂ ಇವನೇ, ಕಟ್ಟಿದವನೂ ಇವನೇ!"

ಸಾಹೇಬರು ಮೆಲ್ಲಗೆ ಕೈ ಚಾಚಿ ಪರದೆಯನ್ನು ಮುಟ್ಟಿದರು. "ಅರೇ ಭಾಯಿ, ಯಹಾಂ ಪರದಾ ಹೈ?" ಎಂದರು. "ಮುಝೆ ದಿಖಾ ಹೀ ನಹೀಂ!"

ಮೊದಲು ನಕ್ಕವರು ಅಮ್ಮಾವರು. ಆಮೇಲೆ ಸಾಹೇಬರ ಹೊಟ್ಟೆ ಕುಲುಕತೊಡಗಿತು. ಇದನ್ನು ನೋಡಿ ಪಾಟಣಕರ್ ಕೂಡ ತಮ್ಮ ಸಫಾರಿಯ ದುಃಖ ನುಂಗಿಕೊಂಡು ನಕ್ಕರು. ಚನ್ನವೀರ ಧೋತರದ ಚೂರನ್ನು ನೀರಿನಲ್ಲಿ ಅದ್ದಿ, ಒಂದೇ ದಿಕ್ಕಿಗೆ ಒರೆಸಿದ. ಕಲೆ ಹೋಗಿ ಪರದೆ ಮತ್ತೆ ಕಾಣದಾಯಿತು. ಸಾಹೇಬರ ಕಣ್ಣು ಅಗಲವಾದವು. ಎಲ್ಲಿ ತಂದೆ, ಹೇಗೆ ಆರಿಸಿದೆ, ಹೇಗೆ ತೊಳೆದೆ ಎಂದು ಕೇಳಿದರು. ಚನ್ನವೀರ ವಾಡಿಯಿಂದ ಹಿಡಿದು ಅಂಟವಾಳದ ನೊರೆ, ನೂಲಿನ ಸೀರೆಯ ಸುರುಳಿಯವರೆಗೆ, ಸಂಡಿಗೆಯೊಂದನ್ನು ಬಿಟ್ಟು, ತನ್ನ ಹರಕುಮುರುಕು ಹಿಂದಿಯಲ್ಲಿ ಎಲ್ಲವನ್ನೂ ಹೇಳಿದ.

"ಕಮಾಲ್!" ಸಾಹೇಬರು ಎದ್ದು ನಿಂತು ಅವನ ಬೆನ್ನು ತಟ್ಟಿದರು. ಒಂದಲ್ಲ, ಎರಡಲ್ಲ, ಢಬಢಬ ತಟ್ಟಿದರು.

"ಪಾಟಣಕರ್, ಏನೋ ಧಾರವಾಡ ಅಂತಿದ್ದಿರಲ್ಲ? ಅಲ್ಲಿ ನಮ್ಮ ದೋಣಿ ಇದೆಯೇ?" ಎಂದು ಸಾಹೇಬರು ಹಿಂದಿಯಲ್ಲಿ ಕೇಳಿದರು.

"ಇಲ್ಲ ಸರ್. ಅಲ್ಲಿ ಒಂದು ಖೋಲಿ, ಎರಡು ಕಪಾಟು, ಅಷ್ಟೇ."

"ಮತ್ತೆ ಇಂಥ ಮನುಷ್ಯ ಅಲ್ಲಿ ಹೋಗಿ ಏನು ಮಾಡಬೇಕು? ಕಪಾಟಿಗೆ ಪರದೆ ಕಟ್ಟಬೇಕೇ? ಈ ವರ್ಷ ನಾಗಪುರಕ್ಕೆ ಇನ್ನೂ ದೋಣಿಗಳು ಬರುತ್ತಿವೆ. ಅಷ್ಟಕ್ಕೂ ಪರದೆ ಇವನೇ ಆರಿಸಲಿ, ಇವನೇ ನೋಡಿಕೊಳ್ಳಲಿ. ಆ ಧಾರವಾಡಕ್ಕೆ ಬೇರೆ ಯಾರನ್ನಾದರೂ ಕಳಿಸಿ. ನಾನು ಈ ಕುರ್ಚಿಯಲ್ಲಿ ಇರುವವರೆಗೆ ಇವನನ್ನು ನಾಗಪುರದಿಂದ ಯಾರೂ ಅಲುಗಿಸಬಾರದು."

"ಜೀ ಸರ್," ಎಂದರು ಪಾಟಣಕರ್. "ನಮ್ಮ ವಿಜಯೇಂದ್ರರಾಯರನ್ನು ಕಳಿಸಬಹುದು. ಅವರಿಂದ ಇಲ್ಲಿ ಅಂಥ ಉಪಯೋಗವಿಲ್ಲ."

ಚನ್ನವೀರ ಬಾಯಿ ತೆರೆದ. ದೊಡ್ಡವರು ಮೆಚ್ಚಿದಾಗ ಹೇಳಬೇಕಾದ "ಥ್ಯಾಂಕ್ಯೂ ಸರ್" ಮಾತ್ರ ಅಭ್ಯಾಸಬಲದಿಂದ ತಾನಾಗಿಯೇ ಹೊರಬಿತ್ತು. ಸಾಹೇಬರು ಸಂತೋಷದಿಂದ ಜೇಬಿನ ಡಬ್ಬಿ ತೆಗೆದು ಇನ್ನೊಂದು ಪಾನು ಬಾಯಿಗೆ ತುರುಕಿಕೊಂಡರು. ಸ್ವಲ್ಪ ಹೊತ್ತು ಅಗಿದು, ಕೆನ್ನೆ ಉಬ್ಬಿಸಿಕೊಂಡು, ಚನ್ನವೀರನ ಕಡೆಗೆ ನೋಡಿ ಬೆರಳಿನಿಂದ ಮೇಲಕ್ಕೆ ಸನ್ನೆ ಮಾಡಿದರು. ಅವನು ಕೊಕ್ಕೆ ಬಿಡಿಸಿ, ಗೆರೆ ಬೀಳದಂತೆ ಜೋಪಾನವಾಗಿ ಪರದೆ ಎತ್ತಿ ಹಿಡಿದ. ಸಾಹೇಬರು ನೆಮ್ಮದಿಯಾಗಿ ಕೆರೆಗೆ ಉಗಿದರು.

ಎತ್ತಿದ ಪರದೆಯ ಕೆಳಗಿನಿಂದ ಚನ್ನವೀರ ದಡದ ಕಡೆ ನೋಡಿದ. ಬೆನ್ನು ತಟ್ಟಿದ್ದು ಅಲ್ಲಿಯವರೆಗೂ ಚೆನ್ನಾಗಿ ಕಂಡಿದ್ದಿರಬೇಕು. ತೇಜಶ್ರೀ ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟುತ್ತಿದ್ದಳು. ಬೇಡ, ಬೇಡ ಎಂದು ಸನ್ನೆ ಮಾಡೋಣವೆಂದರೆ ಅವನ ಎರಡೂ ಕೈಯಲ್ಲಿ ಪರದೆಯಿತ್ತು. ಅವಳು ಅವಸರದಿಂದ ಎಸ್‌ಟಿಡಿ ಬೂತಿನೊಳಗೆ ನುಗ್ಗಿ, ಫೋನೆತ್ತಿ, ಧಾರವಾಡದಲ್ಲಿದ್ದ ತಂಗಿಗೆ ಒಂದು ಒಳ್ಳೆಯ ಬಾಡಿಗೆ ಮನೆ ಹುಡುಕಲು ಹೇಳತೊಡಗಿದಳು.